ಲ್ಯಾಬ್ ರಿಪೋರ್ಟ್ ‘ಕುಡಿಯಲು ಯೋಗ್ಯ’, ಆದರೂ ಮಕ್ಕಳಿಗೆ ಜಿಯಾರ್ಡಿಯಾ. ಸಂಪ್ ನೀರಿನ ಪರಾವಲಂಬಿ ಟೆಸ್ಟ್ ಎಲ್ಲಿ ಮಾಡಿಸುವುದು?

ಸಂಪ್_ಸೆಕ್ರೆಟರಿ (ಬೆಂಗಳೂರು)
ನಮ್ಮದು ಊರಿನ ಪೂರ್ವ ಭಾಗದ ಒಂದು ಅಪಾರ್ಟ್‌ಮೆಂಟ್. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಅದು ಸಾಲದು, ಹಾಗಾಗಿ ಬೋರ್ ನೀರು. ಬೇಸಿಗೆಯಲ್ಲಿ ಟ್ಯಾಂಕರ್. ಮೂರೂ ಒಂದೇ ಸಂಪ್‌ಗೆ ಬೀಳುತ್ತವೆ.

ಕೆಲವು ವಾರಗಳಿಂದ ಬಿ ಬ್ಲಾಕ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಹೊಟ್ಟೆ ಕೆಡುತ್ತಿದೆ. ಜ್ವರ ಇಲ್ಲ, ವಾಂತಿ ಇಲ್ಲ. ಗ್ಯಾಸ್, ಕೆಟ್ಟ ವಾಸನೆಯ ತೇಗು, ಜಿಡ್ಡುಜಿಡ್ಡಾದ ಭೇದಿ. ಎರಡು ಮನೆಯ ಮಕ್ಕಳ ಮಲ ಪರೀಕ್ಷೆಯಲ್ಲಿ ಜಿಯಾರ್ಡಿಯಾ, ಅಂದರೆ ಕರುಳಿನಲ್ಲಿ ಬೆಳೆಯುವ ಪರಾವಲಂಬಿ, ಎಂದು ಬಂತು. ತಕ್ಷಣ ಸಂಪ್ ನೀರನ್ನು ಲ್ಯಾಬ್‌ಗೆ ಕಳಿಸಿದೆವು. ಕೋಲಿಫಾರ್ಮ್ ಇಲ್ಲ, ಇ. ಕೋಲಿ ಇಲ್ಲ, ಕುಡಿಯಲು ಯೋಗ್ಯ ಎಂದು ಸೀಲ್ ಹಾಕಿ ಕೊಟ್ಟರು. ಈಗ ಅಸೋಸಿಯೇಷನ್ ಗ್ರೂಪ್‌ನಲ್ಲಿ ಎರಡು ಪಂಗಡ. ಒಂದು ಪಂಗಡ ‘ನೀರು ಸರಿ ಇದೆ, ಪಾನಿಪುರಿ ಬಿಡಿ’ ಎನ್ನುತ್ತಿದೆ. ಇನ್ನೊಂದು ‘ಸೆಕ್ರೆಟರಿ ರಾಜೀನಾಮೆ ಕೊಡಲಿ’ ಎನ್ನುತ್ತಿದೆ.

ನೇರವಾಗಿ ಜಿಯಾರ್ಡಿಯಾ, ಅಮೀಬಾ ಇವನ್ನೇ ನೀರಿನಲ್ಲಿ ಹುಡುಕುವ ಟೆಸ್ಟ್ ಇದೆಯಾ? ಎಲ್ಲಿ ಮಾಡುತ್ತಾರೆ? ತಿಳಿದವರು ಹೇಳಿ.

ಚೂಡಾ_ಚಹಾ
ಕುದಿಸಿ ಕುಡಿಯಿರಿ. ಮುಗೀತು.

ಸಂಪ್_ಸೆಕ್ರೆಟರಿ
ಕುಡಿಯುವುದನ್ನು ಎಲ್ಲರೂ ಕುದಿಸುತ್ತಾರೆ ಅಥವಾ ಆರ್‌ಓ ಇದೆ ಸಾರ್. ಹಲ್ಲುಜ್ಜುವುದು, ಸೊಪ್ಪು ತೊಳೆಯುವುದು, ಸ್ನಾನದಲ್ಲಿ ಮಕ್ಕಳು ಬಾಯಿ ತುಂಬಿಕೊಂಡು ಉಗುಳುವುದು, ಇದೆಲ್ಲ ನಲ್ಲಿ ನೀರಿನಲ್ಲೇ ಅಲ್ವಾ?

ಲ್ಯಾಬ್_ಕೋಟು
ನೀರಿನ ಸೂಕ್ಷ್ಮಜೀವಿ ಪರೀಕ್ಷೆಯೇ ನನ್ನ ಕೆಲಸ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ನಿಮ್ಮ ರಿಪೋರ್ಟ್ ಸುಳ್ಳಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ. ಇ. ಕೋಲಿ ಎಂಬುದು ಮಲ ಸೇರಿದೆಯೋ ಇಲ್ಲವೋ ಎನ್ನುವುದಕ್ಕೆ ಗುರುತು. ಆ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಬೇಗ ಸಾಯುತ್ತದೆ. ಜಿಯಾರ್ಡಿಯಾ ಹಾಗಲ್ಲ. ಅದು ದೇಹದಿಂದ ಹೊರಗೆ ಬರುವುದು ಗಟ್ಟಿ ಪೊರೆಯ ಸಿಸ್ಟ್ ಆಗಿ. ಕ್ರಿಪ್ಟೋಸ್ಪೊರಿಡಿಯಂ (ಚಿಕ್ಕದಾಗಿ ಕ್ರಿಪ್ಟೋ) ಎಂಬ ಇನ್ನೊಂದು ಪರಾವಲಂಬಿ ಇದೆ, ಅದು ಇನ್ನೂ ಗಟ್ಟಿ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಲ್ಲಿ ಇ. ಕೋಲಿ ಒಂದು ನಿಮಿಷವೂ ಬದುಕುವುದಿಲ್ಲ. ಜಿಯಾರ್ಡಿಯಾಗೆ ಮುಕ್ಕಾಲು ಗಂಟೆ ಬೇಕು. ಕ್ರಿಪ್ಟೋ ಹತ್ತು ದಿನಕ್ಕಿಂತ ಜಾಸ್ತಿ ತಡೆದುಕೊಳ್ಳುತ್ತದೆ. ಹಾಗಾಗಿ ನೀವು ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕಿ, ಮರುದಿನ ಸ್ಯಾಂಪಲ್ ತೆಗೆದರೆ ಇ. ಕೋಲಿ ಸೊನ್ನೆ ಬರುವುದರಲ್ಲಿ ಆಶ್ಚರ್ಯ ಇಲ್ಲ.

ಇನ್ನು ಟೆಸ್ಟ್. ಇದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ 1623 ಎಂಬ ವಿಧಾನ. ಇ. ಕೋಲಿಗೆ 100 ಮಿಲಿ ಸಾಕು. ಇದಕ್ಕೆ ಕನಿಷ್ಠ 10 ಲೀಟರ್ ನೀರನ್ನು ವಿಶೇಷ ಫಿಲ್ಟರ್ ಮೂಲಕ ಹಾಯಿಸಬೇಕು. ಫಿಲ್ಟರ್‌ನಲ್ಲಿ ನಿಂತದ್ದನ್ನು ತೊಳೆದು, ಸೆಂಟ್ರಿಫ್ಯೂಜ್ ಮಾಡಿ, ಪ್ರತಿಕಾಯ ಅಂಟಿಸಿದ ಕಾಂತದ ಮಣಿಗಳಿಂದ ಸಿಸ್ಟ್‌ಗಳನ್ನು ಎಳೆದು ತೆಗೆಯುತ್ತಾರೆ. ಆಮೇಲೆ ಹೊಳೆಯುವ ಬಣ್ಣ ಹಾಕಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್‌ನಲ್ಲಿ ಕಣ್ಣಿಟ್ಟು ಎಣಿಸಬೇಕು. ಒಂದು ಲಾರಿ ರಾಗಿಯಲ್ಲಿ ಒಂದು ಸಾಸಿವೆ ಕಾಳು ಹುಡುಕಿದ ಹಾಗೆ. ಕಿಟ್ ಎಲ್ಲ ಆಮದು, ದುಬಾರಿ. ಪಳಗಿದ ಕೈ ಬೇಕು. ಬೇಕೆಂದೇ ನೂರು ಸಿಸ್ಟ್ ಹಾಕಿ ಕೊಟ್ಟರೂ ಐವತ್ತು ಸಿಗದೆ ಹೋಗುವುದು ಮಾಮೂಲು. ಸಿಕ್ಕಿದ್ದು ಬದುಕಿದೆಯೋ ಸತ್ತಿದೆಯೋ ಎಂದೂ ಈ ಟೆಸ್ಟ್ ಹೇಳುವುದಿಲ್ಲ.

ನನ್ನ ಸಲಹೆ: ಅದಕ್ಕೆ ದುಡ್ಡು ಸುರಿಯಬೇಡಿ. ಕೊಳಚೆ ಎಲ್ಲಿಂದ ಒಳಗೆ ಬರುತ್ತಿದೆ ಎಂದು ಹುಡುಕಿ.

ಬೋರ್‌ವೆಲ್_ಗೌಡ
ಟ್ಯಾಂಕರ್ ನಿಲ್ಲಿಸಿ, ಬರೀ ಬೋರ್ ನೀರು ಬಳಸಿ. ನಮ್ಮದು 1,200 ಅಡಿ. ಅಷ್ಟು ಆಳಕ್ಕೆ ಯಾವ ಹುಳ ಇಳಿಯುತ್ತದೆ? ಭೂಮಿತಾಯಿಯೇ ಫಿಲ್ಟರ್.

ಕಲ್ಲುಬಂಡೆ
ಗೌಡ್ರೇ, ಆಳ 1,200 ಅಡಿ ಇರಬಹುದು, ಕೇಸಿಂಗ್ ಪೈಪ್ ಎಷ್ಟು ಅಡಿ ಇಳಿಸಿದ್ದೀರಿ? ಬೆಂಗಳೂರಿನ ಕೆಳಗಿರುವುದು ಗಟ್ಟಿ ಬಂಡೆ. ಮೇಲಿನ ಸಡಿಲ ಮಣ್ಣು ಮುಗಿದು ಬಂಡೆ ಸಿಗುವವರೆಗೆ ಮಾತ್ರ ಕೇಸಿಂಗ್. ಅದರ ಕೆಳಗೆ ಬರೀ ತೂತು. ನೀರು ಬರುವುದು ಬಂಡೆಯ ಬಿರುಕುಗಳಿಂದ. ಮರಳಿನಲ್ಲಿ ಸೋಸಿದ ಹಾಗೆ ಬಿರುಕಿನಲ್ಲಿ ನೀರು ಸೋಸುವುದಿಲ್ಲ, ಸೀದಾ ಹರಿದು ಬರುತ್ತದೆ. ಕೇಸಿಂಗ್ ಸರಿಯಾಗಿ ಕೂತಿಲ್ಲದಿದ್ದರೆ ಪಕ್ಕದ ಯುಜಿಡಿ (ಒಳಚರಂಡಿ) ಚೇಂಬರ್ ಸೋರಿದ್ದು ಪೈಪಿನ ಹೊರಮೈ ಹಿಡಿದುಕೊಂಡು ಕೆಳಗಿಳಿಯುತ್ತದೆ. ನೈಟ್ರೇಟ್ ಟೆಸ್ಟ್ ಮಾಡಿಸಿ ನೋಡಿ. ಲೀಟರಿಗೆ 45 ಮಿಲಿಗ್ರಾಂ ಮಿತಿ ದಾಟಿದ್ದರೆ ನಿಮ್ಮ ಭೂಮಿತಾಯಿಗೆ ಕೊಳಚೆ ಸೇರುತ್ತಿದೆ ಎಂಬ ಅನುಮಾನ ಬರಬೇಕು.

ಬೋರ್‌ವೆಲ್_ಗೌಡ
ಇಪ್ಪತ್ತು ವರ್ಷದಿಂದ ಕುಡಿಯುತ್ತಿದ್ದೇವೆ. ಏನೂ ಆಗಿಲ್ಲ.

ಕಲ್ಲುಬಂಡೆ
ಇಪ್ಪತ್ತು ವರ್ಷದ ಹಿಂದೆ ನಿಮ್ಮ ಬೀದಿಯಲ್ಲಿ ಎಷ್ಟು ಮನೆ ಇದ್ದವು?

ನಿಯಮ_ಪುಸ್ತಕ
ಲ್ಯಾಬ್ ಕೋಟು ಅವರು ಹೇಳಿದ್ದರಲ್ಲಿ ಒಂದು ಬಿಟ್ಟುಹೋಗಿದೆ. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐಎಸ್ 10500, 2012ರ ಆವೃತ್ತಿ ತೆಗೆದು ನೋಡಿ. ಕ್ರಿಪ್ಟೋಸ್ಪೊರಿಡಿಯಂ 10 ಲೀಟರ್‌ನಲ್ಲಿ ಇರಬಾರದು, ಜಿಯಾರ್ಡಿಯಾ 10 ಲೀಟರ್‌ನಲ್ಲಿ ಇರಬಾರದು ಎಂದು ಅಚ್ಚಾಗಿದೆ. ಅಂದರೆ ‘ಐಎಸ್ 10500 ಪ್ರಕಾರ ಯೋಗ್ಯ’ ಎಂದು ಸೀಲ್ ಹಾಕುವ ಲ್ಯಾಬ್ ಇದನ್ನೂ ನೋಡಿರಬೇಕು. ನೋಡಿರುವುದಿಲ್ಲ. ನಿಮ್ಮ ರಿಪೋರ್ಟ್‌ನಲ್ಲಿ ಎಷ್ಟು ಸಾಲು ಇದೆ ಎಣಿಸಿ. ಪಿಎಚ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ), ಗಡಸುತನ, ಕ್ಲೋರೈಡ್, ಕೊನೆಗೆ ಕೋಲಿಫಾರ್ಮ್. ಅಷ್ಟೇ ತಾನೇ? ಅಷ್ಟು ನೋಡಿ ‘ಯೋಗ್ಯ’ ಎಂದು ಬರೆಯಲು ಇವರಿಗೆ ಹೇಗೆ ಮನಸ್ಸು ಬರುತ್ತದೋ.

ದುಬಾರಿ ಎಂಬ ಕಾರಣಕ್ಕೆ ಬಿಟ್ಟುಬಿಡಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಜನ ಕೇಳದಿದ್ದರೆ ಯಾವ ಲ್ಯಾಬೂ ಆ ಸೌಲಭ್ಯ ಮಾಡಿಕೊಳ್ಳುವುದಿಲ್ಲ.

ಸಂಪ್_ಸೆಕ್ರೆಟರಿ
ಎಣಿಸಿದೆ. ನೀವು ಹೇಳಿದ ಐದು ಮತ್ತು ಕಬ್ಬಿಣ. ಒಂದು ಪುಟ ಕೂಡ ತುಂಬಿಲ್ಲ.

ಲ್ಯಾಬ್_ಕೋಟು
@ನಿಯಮ_ಪುಸ್ತಕ ಮಾನಕದಲ್ಲಿ ಇರುವುದು ನಿಜ. ಆದರೆ ನಲ್ಲಿಯ ತುದಿಯಲ್ಲಿ ಪರಾವಲಂಬಿ ಎಣಿಸಿ ಏನು ಮಾಡುತ್ತೀರಿ? 1998ರಲ್ಲಿ ಸಿಡ್ನಿಯಲ್ಲಿ ಏನಾಯಿತು ಓದಿ. ನೀರಿನಲ್ಲಿ ಕ್ರಿಪ್ಟೋ, ಜಿಯಾರ್ಡಿಯಾ ಸಿಕ್ಕಾಪಟ್ಟೆ ಇದೆ ಎಂದು ರಿಪೋರ್ಟ್ ಬಂತು. ಸುಮಾರು 30 ಲಕ್ಷ ಜನರಿಗೆ ನೀರು ಕುದಿಸಿ ಕುಡಿಯಲು ಹೇಳಿದರು, ಅದೂ ಮತ್ತೆ ಮತ್ತೆ. ಕಾಯಿಲೆ ಬಿದ್ದವರ ಸಂಖ್ಯೆ ಮಾತ್ರ ಏರಲೇ ಇಲ್ಲ. ಆಮೇಲೆ ನಡೆದ ವಿಚಾರಣೆಯಲ್ಲಿ ಲ್ಯಾಬ್‌ನ ಎಣಿಕೆಯ ಬಗ್ಗೆಯೇ ಪ್ರಶ್ನೆ ಎದ್ದಿತು. ಟೆಸ್ಟ್ ಎಂದಾಕ್ಷಣ ಸತ್ಯ ಅಲ್ಲ.

ನಿಯಮ_ಪುಸ್ತಕ
ನೀವು ಸಿಡ್ನಿ ತೆಗೆದಿರಿ, ನಾನು ಮಿಲ್ವಾಕಿ ತೆಗೆಯುತ್ತೇನೆ. 1993, ಅಮೆರಿಕ. ಶುದ್ಧೀಕರಣ ಘಟಕದಲ್ಲಿ ನೀರು ಸ್ವಲ್ಪ ಕದಡಿತ್ತು, ಆದರೂ ಆಗಿನ ನಿಯಮದ ಪ್ರಕಾರ ಪಾಸ್. ಕ್ಲೋರಿನ್ ಕೂಡ ಇತ್ತು. ಅಂದಾಜು 4,03,000 ಜನ ಕ್ರಿಪ್ಟೋದಿಂದ ಮಲಗಿದರು. ಊರಿನಲ್ಲಿ ಭೇದಿ ನಿಲ್ಲಿಸುವ ಮಾತ್ರೆ ಖಾಲಿಯಾಗಿ, ಜನ ಕೆಲಸಕ್ಕೆ ಬರದೆ ಇದ್ದಾಗ ಗೊತ್ತಾಯಿತು. ಅಲ್ಲಿ ಯಾರಾದರೂ ಮೊದಲೇ ಹುಡುಕಿದ್ದರೆ?

ಲ್ಯಾಬ್_ಕೋಟು
ಮಿಲ್ವಾಕಿ ನನ್ನ ಮಾತಿಗೇ ಸಾಕ್ಷಿ. ಅಲ್ಲಿ ಮೊದಲು ಕೂಗಿ ಹೇಳಿದ್ದು ಟರ್ಬಿಡಿಟಿ ಮೀಟರ್, ಅಂದರೆ ನೀರಿನ ಕದಡು ಅಳೆಯುವ ಯಂತ್ರ. ಅದನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಫಿಲ್ಟರ್ ಬೆಡ್ ಸರಿಯಾಗಿ ಕೆಲಸ ಮಾಡಿದರೆ ಸಿಸ್ಟ್ ಅಲ್ಲೇ ನಿಲ್ಲುತ್ತದೆ. ನೀರು ಕದಡಿದರೆ ಫಿಲ್ಟರ್ ಎಲ್ಲೋ ಬಿಟ್ಟುಕೊಡುತ್ತಿದೆ ಎಂದು ಅರ್ಥ. ಅದಾದ ಮೇಲೆ ಅಮೆರಿಕದವರು ಫಿಲ್ಟರ್ ದಾಟಿದ ನೀರಿನ 95% ಸ್ಯಾಂಪಲ್‌ನಲ್ಲಿ ಕದಡು 0.3 ಎನ್‌ಟಿಯು (ಕದಡಿನ ಅಳತೆ) ಮೀರಬಾರದು ಎಂದು ಬಿಗಿ ಮಾಡಿದರು. ನಮ್ಮ ಮಾನಕದಲ್ಲಿ 1, ಬೇರೆ ದಾರಿ ಇಲ್ಲದಿದ್ದರೆ 5.

ಪರಾವಲಂಬಿ ಟೆಸ್ಟ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದನ್ನು ಮಾಡಬೇಕಾದ ಜಾಗ ನದಿ. 2006ರ ಅಮೆರಿಕದ ನಿಯಮವೂ ಹಾಗೇ ಇದೆ. ದೊಡ್ಡ ಊರುಗಳು ಕಚ್ಚಾ ನೀರಿನಲ್ಲಿ ಎರಡು ವರ್ಷ, ತಿಂಗಳಿಗೊಮ್ಮೆ ಕ್ರಿಪ್ಟೋ ಎಣಿಸಬೇಕು. ಎಣಿಕೆ ಜಾಸ್ತಿ ಬಂದರೆ ಶುದ್ಧೀಕರಣಕ್ಕೆ ಇನ್ನೊಂದು ಹಂತ ಸೇರಿಸಬೇಕು. ನಮ್ಮಲ್ಲಿ ಅದನ್ನು ಕೇಳಬೇಕಾದ್ದು ಕಾವೇರಿ ನೀರು ಶುದ್ಧ ಮಾಡುವ ತೊರೆಕಾಡನಹಳ್ಳಿಯಲ್ಲಿ, ಬಿ ಬ್ಲಾಕ್ ಸಂಪ್‌ನಲ್ಲಲ್ಲ.

ಮಳವಳ್ಳಿ_ಕಡೆಯವನು
ತೊರೆಕಾಡನಹಳ್ಳಿ ಹೆಸರು ಬಂತು, ನಮ್ಮ ತಾಲ್ಲೂಕು. ನಿಮ್ಮ ಊರಿಗೆ 100 ಕಿಲೋಮೀಟರ್ ನೀರು ಎತ್ತಿ ಕಳಿಸುತ್ತೇವೆ. ಅಲ್ಲಿ ಆಲಮ್ ಹಾಕಿ ಕೆಸರು ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಿಯೇ ಬಿಡುವುದು. ಆಮೇಲೆ ಹಾರೋಹಳ್ಳಿ, ತಾತಗುಣಿ ದಾಟಿ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಬೇರೆ ಶುರುವಾಯಿತು, ಇನ್ನೂ 775 ಎಂಎಲ್‌ಡಿ, ಅಂದರೆ ದಿನಕ್ಕೆ 77.5 ಕೋಟಿ ಲೀಟರ್. ಇಷ್ಟೆಲ್ಲ ಮಾಡಿ ಕಳಿಸಿದ್ದನ್ನು ನಿಮ್ಮ ಸಂಪ್‌ನಲ್ಲಿ ಟ್ಯಾಂಕರ್ ನೀರಿಗೆ ಬೆರೆಸಿ, ಕಾವೇರಿ ಕೆಟ್ಟಿದೆ ಎಂದರೆ ಹೇಗೆ ಸ್ವಾಮಿ?

ಚೂಡಾ_ಚಹಾ
ಕಾವೇರಿ ಕೆಟ್ಟಿದೆ ಎಂದು ಇಲ್ಲಿ ಯಾರೂ ಹೇಳಲಿಲ್ಲವಲ್ಲ.

ಡೆವನ್_ಕನ್ನಡತಿ
ಇಂಗ್ಲೆಂಡಿನಿಂದ ಒಂದು ಮಾತು. 2024ರ ಮೇ ತಿಂಗಳಲ್ಲಿ ನಮ್ಮ ಕೌಂಟಿಯ ಬ್ರಿಕ್ಸಮ್ ಊರಿನಲ್ಲಿ ಕ್ರಿಪ್ಟೋ ಗಲಾಟೆ ಆಯಿತು. ನೂರಕ್ಕೂ ಹೆಚ್ಚು ಜನರಿಗೆ ಲ್ಯಾಬ್‌ನಲ್ಲಿ ಖಚಿತವಾಯಿತು. ಕೆಲವು ಮನೆಗಳಿಗೆ ಸುಮಾರು ಎಂಟು ವಾರ ನೀರು ಕುದಿಸಿ ಕುಡಿಯಿರಿ ಎಂಬ ಸೂಚನೆ ಇತ್ತು. ಶುದ್ಧೀಕರಣ ಘಟಕದಲ್ಲಿ ಏನೂ ತೊಂದರೆ ಇರಲಿಲ್ಲ. ದನ ಮೇಯುವ ಹೊಲದಲ್ಲಿ ಪೈಪ್‌ಲೈನಿನ ಒಂದು ಏರ್ ವಾಲ್ವ್ ಮುರಿದಿತ್ತು. ಅಷ್ಟೇ. 24 ಗಂಟೆ ಒತ್ತಡದಲ್ಲಿ ನೀರು ಬರುವ ದೇಶದ ಕಥೆ ಇದು. ದಿನ ಬಿಟ್ಟು ದಿನ ನೀರು ಬಿಡುವ ಪೈಪ್‌ನಲ್ಲಿ ಏನೇನು ಒಳಗೆ ಹೀರುತ್ತದೋ ಯೋಚನೆ ಮಾಡಿ. ನೀರು ನಿಂತಾಗ ಪೈಪ್ ಖಾಲಿಯಾಗಿ ಸುತ್ತಲಿನ ಕೊಳಕನ್ನು ಎಳೆದುಕೊಳ್ಳುತ್ತದೆ.

ಇಲ್ಲಿ 1999ರಲ್ಲಿ ಅಪಾಯ ಇರುವ ಘಟಕಗಳಲ್ಲಿ ದಿನಕ್ಕೆ ಸುಮಾರು 1,000 ಲೀಟರ್ ಸೋಸಿ ಕ್ರಿಪ್ಟೋ ಹುಡುಕಲೇಬೇಕು ಎಂದು ಕಾನೂನು ಮಾಡಿದ್ದರು. 2007ರಲ್ಲಿ ಅದನ್ನು ತೆಗೆದು, ಅಪಾಯ ಎಲ್ಲೆಲ್ಲಿದೆ ಎಂದು ಮೊದಲೇ ಗುರುತಿಸುವ ಪದ್ಧತಿಗೆ ಹೋದರು. ಇಬ್ಬರ ವಾದಕ್ಕೂ ಇದರಲ್ಲಿ ಸಾಮಾನು ಇದೆ, ಜಗಳ ಮುಂದುವರಿಸಿ :)

ಗದಗ_ಗಿರಿಜಕ್ಕ
ನೀವೆಲ್ಲ ಕಣ್ಣಿಗೆ ಕಾಣದ ಹುಳದ ಮಾತು ಆಡುತ್ತಿದ್ದೀರಿ. ನಮ್ಮ ಅಜ್ಜಿಯ ಕಾಲದಲ್ಲಿ ಕಾಣುವ ಹುಳವೇ ಇತ್ತು. ನಾರು ಹುಣ್ಣು ಅಂತ ಕೇಳಿದ್ದೀರಾ? ಕಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ಮೊಳದುದ್ದದ ಹುಳ ಹೊರಗೆ ಬರುತ್ತಿತ್ತು. ಎಳೆದರೆ ತುಂಡಾಗುತ್ತದೆ ಎಂದು ಕಡ್ಡಿಗೆ ಸುತ್ತಿ ದಿನಾ ಚೂರು ಚೂರೇ ತೆಗೆಯುತ್ತಿದ್ದರಂತೆ. ಮೆಟ್ಟಿಲು ಬಾವಿಯ ನೀರಿನಿಂದ ಬರುತ್ತಿತ್ತು. ಅದಕ್ಕೇ ನಮ್ಮಲ್ಲಿ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುವ ರೂಢಿ. ಸೆಕ್ರೆಟರಿಯವರೇ, ನಲ್ಲಿಗೆ ನಾಲ್ಕು ಮಡಿಕೆ ಹಳೆ ಸೀರೆ ಕಟ್ಟಿ ನೋಡಿ.

ಲ್ಯಾಬ್_ಕೋಟು
ಗಿರಿಜಕ್ಕ, ನಾರು ಹುಣ್ಣಿಗೆ ಬಟ್ಟೆ ಸರಿಯಾದ ಮದ್ದು. ಅದರ ಮರಿ ಇರುತ್ತಿದ್ದುದು ಸೈಕ್ಲಾಪ್ಸ್ ಎಂಬ ನೀರುಜೀವಿಯೊಳಗೆ. ಬಟ್ಟೆಯಲ್ಲಿ ಅದು ನಿಂತುಬಿಡುತ್ತದೆ. ಭಾರತದಲ್ಲಿ ಕೊನೆಯ ಪ್ರಕರಣ 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶ ಅದರಿಂದ ಮುಕ್ತ ಎಂದು ಪ್ರಮಾಣಪತ್ರ ಕೊಟ್ಟಿತು. ಅದಕ್ಕೆ ಲಸಿಕೆಯೂ ಇಲ್ಲ, ಔಷಧಿಯೂ ಇಲ್ಲ. ಬಾವಿ ಸರಿಮಾಡಿ, ನೀರು ಸೋಸಿಯೇ ಓಡಿಸಿದ್ದು.

ಬಾಂಗ್ಲಾದೇಶದಲ್ಲಿ ಹಳೆ ಸೀರೆ ಮಡಿಸಿ ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು ಎಂಬ ಅಧ್ಯಯನವೂ 2003ರಲ್ಲಿ ಬಂದಿದೆ. ಆದರೆ ಸೀರೆ ಎಷ್ಟು ಮಡಿಸಿದರೂ ಕಿಂಡಿ 20 ಮೈಕ್ರಾನ್ ಆಸುಪಾಸು (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಜಿಯಾರ್ಡಿಯಾ ಸಿಸ್ಟ್ 8ರಿಂದ 12, ಕ್ರಿಪ್ಟೋ 4ರಿಂದ 6. ಆರಾಮಾಗಿ ದಾಟಿ ಬರುತ್ತವೆ. ಫಿಲ್ಟರ್ ಬೇಕೆಂದರೆ ‘ಆಬ್ಸಲ್ಯೂಟ್ 1 ಮೈಕ್ರಾನ್’ ಎಂದು ಬರೆದದ್ದೇ ಬೇಕು.

ಗದಗ_ಗಿರಿಜಕ್ಕ
ಆಯ್ತಪ್ಪ. ಆದರೂ ಬಟ್ಟೆ ಕಟ್ಟಿದರೆ ಕಸವಾದರೂ ನಿಲ್ಲುತ್ತದೆ.

ಆಫರ್_ಆಫರ್
ನಮ್ಮಲ್ಲಿ ಏಳು ಹಂತದ ತಾಮ್ರದ ಕ್ಷಾರೀಯ ವಾಟರ್ ಪ್ಯೂರಿಫೈಯರ್ ಹಬ್ಬದ ರಿಯಾಯಿತಿಯಲ್ಲಿ ಲಭ್ಯ. ಸಂದೇಶ ಕಳಿಸಿ.

ಚೂಡಾ_ಚಹಾ
ನಿರ್ವಾಹಕರೇ, ಇವರನ್ನು ಸೋಸಿ ಹೊರಹಾಕಿ.

ಮೈಸೂರು_ಡಾಕ್ಟ್ರಮ್ಮ
ನೀರಿನ ಹಿಂದೆ ಬಿದ್ದು ರೋಗಿಗಳನ್ನು ಮರೆಯಬೇಡಿ. ಸೆಕ್ರೆಟರಿಯವರು ಮೊದಲು ಒಂದು ಪಟ್ಟಿ ಮಾಡಲಿ. ಯಾರಿಗೆ, ಯಾವ ದಿನ ಶುರುವಾಯಿತು, ಯಾವ ಮನೆ, ಯಾವ ಟ್ಯಾಂಕಿನ ಲೈನು. ಹೊಟ್ಟೆ ಕೆಟ್ಟ ಮಕ್ಕಳೆಲ್ಲ ಒಂದೇ ಡೇಕೇರ್‌ಗೆ ಹೋಗುತ್ತಾರಾ? ಜಿಯಾರ್ಡಿಯಾ ಡೈಪರ್ ಬದಲಿಸುವ ಕೈಯಿಂದಲೂ ಹರಡುತ್ತದೆ. ಹತ್ತು ಸಿಸ್ಟ್ ಹೊಟ್ಟೆಗೆ ಹೋದರೂ ಸಾಕು. ಲಕ್ಷಣ ಕಾಣುವುದು ಒಂದೆರಡು ವಾರದ ಮೇಲೆ, ಹಾಗಾಗಿ ನಿನ್ನೆ ತಿಂದ ಪಾನಿಪುರಿಯನ್ನು ಬೈದು ಪ್ರಯೋಜನ ಇಲ್ಲ.

ವೆಲ್ಲೂರಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಕೆಲಸ ನನಗೆ ಯಾವಾಗಲೂ ನೆನಪಾಗುತ್ತದೆ. ಚಿಕ್ಕ ಮಕ್ಕಳ ಎರಡು ಗುಂಪು. ಒಂದಕ್ಕೆ ಬಾಟಲಿ ನೀರು, ಇನ್ನೊಂದಕ್ಕೆ ಊರಿನ ನಲ್ಲಿ ನೀರು. ಕ್ರಿಪ್ಟೋ ಸೋಂಕು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕುಡಿಯುವ ನೀರು ಒಂದನ್ನೇ ಸರಿಮಾಡಿದರೆ ಸಾಲದು ಎಂದಾಯಿತು.

ಇನ್ನೊಂದು, ಮಲ ಪರೀಕ್ಷೆಯಲ್ಲಿ ಒಂದು ಸಲ ಕಾಣದಿದ್ದರೆ ಇಲ್ಲ ಎಂದಲ್ಲ. ಸಿಸ್ಟ್ ದಿನಾ ಹೊರಬರುವುದಿಲ್ಲ. ಬೇರೆ ಬೇರೆ ದಿನ ಮೂರು ಸ್ಯಾಂಪಲ್ ಕೊಡಿ. ಕ್ರಿಪ್ಟೋ ನೋಡಬೇಕಾದರೆ ಆಸಿಡ್ ಫಾಸ್ಟ್ ಬಣ್ಣ ಹಾಕಬೇಕು, ಅದನ್ನು ಚೀಟಿಯಲ್ಲಿ ಬರೆಸಲೇಬೇಕು. ಅಂಗಡಿಯಿಂದ ಮೆಟ್ರೊನಿಡಜೋಲ್ ಮಾತ್ರೆ ತಂದು ಅರ್ಧ ದಿನ ನುಂಗಿ ಬಿಡುವುದು ದಯವಿಟ್ಟು ಬೇಡ.

ಸಂಪ್_ಸೆಕ್ರೆಟರಿ
ಪಟ್ಟಿ ಮಾಡಿದೆವು ಡಾಕ್ಟ್ರೇ. ಡೇಕೇರ್‌ಗೆ ಹೋಗದ ದೊಡ್ಡವರೂ ಇದ್ದಾರೆ. ಎ ಬ್ಲಾಕ್‌ನಲ್ಲಿ ಒಬ್ಬರೂ ಇಲ್ಲ, ಎಲ್ಲ ಬಿ. ಸಂಪ್ ಒಂದೇ, ಮೇಲಿನ ಟ್ಯಾಂಕ್ ಮಾತ್ರ ಬೇರೆ ಬೇರೆ.

ಪೈಪ್_ಪಾಪಣ್ಣ
ಹಾಗಿದ್ದರೆ ಸಂಪ್ ಬಿಡಿ. ನಿಮ್ಮಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಇದೆಯಾ? ಅದರ ನೀರು ಫ್ಲಶ್‌ಗೆ ಹೋಗುತ್ತದಾ? ಬಿ ಬ್ಲಾಕ್ ಮೇಲೆ ಎರಡು ಟ್ಯಾಂಕ್ ಅಕ್ಕಪಕ್ಕ ಇದೆಯಾ?

ಸಂಪ್_ಸೆಕ್ರೆಟರಿ
ಇದೆ, ಹೋಗುತ್ತದೆ, ಇದೆ.

ಪೈಪ್_ಪಾಪಣ್ಣ
ಇವತ್ತೇ ಮಹಡಿ ಹತ್ತಿ. ಎಷ್ಟೋ ಕಟ್ಟಡದಲ್ಲಿ ನೋಡಿದ್ದೇನೆ. ಎಸ್‌ಟಿಪಿ ಕೆಟ್ಟಾಗ ಫ್ಲಶ್‌ಗೆ ನೀರು ಬೇಕಲ್ಲ, ಅದಕ್ಕೆ ಎರಡು ಟ್ಯಾಂಕಿನ ನಡುವೆ ಒಂದು ತುಂಡು ಪೈಪ್, ಒಂದು ಬಾಲ್ ವಾಲ್ವ್ ಹಾಕಿ ಬಿಟ್ಟಿರುತ್ತಾರೆ. ಒಳ್ಳೆ ನೀರು ಆ ಕಡೆ ಹೋಗಲಿ ಎಂದು ಹಾಕಿದ್ದು. ವಾಲ್ವ್ ಸವೆದರೆ, ಈ ಕಡೆ ಟ್ಯಾಂಕ್ ಖಾಲಿ ಇದ್ದಾಗ ಫ್ಲಶ್ ನೀರು ವಾಪಸ್ ಬರುತ್ತದೆ. ಡ್ರಾಯಿಂಗ್‌ನಲ್ಲಿ ಆ ಪೈಪ್ ಇರುವುದೇ ಇಲ್ಲ.

ಪರೀಕ್ಷೆ ಸುಲಭ. ಟಿಡಿಎಸ್ ಪೆನ್ ತಗೊಂಡು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎರಡೂ ಬ್ಲಾಕಿನ ಅಡುಗೆಮನೆ ನೀರು ನೋಡಿ. ಒಂದೇ ಸಂಪ್ ಆದರೆ ಒಂದೇ ಅಂಕಿ ಬರಬೇಕು. ಬಿ ಬ್ಲಾಕ್ ಜಾಸ್ತಿ ತೋರಿಸಿದರೆ ಅಲ್ಲಿ ಬೇರೇನೋ ಸೇರುತ್ತಿದೆ. ಆಮೇಲೆ ಒಳ್ಳೆ ನೀರಿನ ಟ್ಯಾಂಕಿನ ಔಟ್‌ಲೆಟ್ ಪೂರ್ತಿ ಮುಚ್ಚಿ, ಕೆಳಗಿನ ಮನೆಯ ಅಡುಗೆಮನೆ ನಲ್ಲಿ ತೆರೆಯಿರಿ. ಪೈಪಿನಲ್ಲಿದ್ದ ನೀರು ಮುಗಿದ ಮೇಲೂ ಹರಿಯುತ್ತಿದ್ದರೆ ಕೆಳಗೂ ಎಲ್ಲೋ ಲೈನ್ ಕೂಡಿದೆ ಎಂದೇ ಲೆಕ್ಕ.

ಲ್ಯಾಬ್_ಕೋಟು
ಪಾಪಣ್ಣ ಹೇಳಿದ್ದು ಚಿನ್ನದಂಥ ಮಾತು. ಸ್ಯಾಂಪಲ್ ಕೂಡ ಸಂಪ್‌ನದ್ದಲ್ಲ, ಬಿ ಬ್ಲಾಕ್ ಅಡುಗೆಮನೆ ನಲ್ಲಿಯದ್ದು ತೆಗೆಯಿರಿ. ಲ್ಯಾಬ್‌ಗೆ ಕೊಡುವಾಗ ‘ಸಲ್ಫೈಟ್ ರೆಡ್ಯೂಸಿಂಗ್ ಅನೆರೋಬ್ಸ್’ ಎಂದು ಕೇಳಿ. ಕ್ಯಾನ್ ನೀರಿನ ಮಾನಕ ಐಎಸ್ 14543ರಲ್ಲಿ ಅದು 50 ಮಿಲಿಯಲ್ಲಿ ಇರಬಾರದು ಎಂದಿದೆ, ಹಾಗಾಗಿ ಪ್ಯಾಕೇಜ್ಡ್ ನೀರು ಪರೀಕ್ಷಿಸುವ ಲ್ಯಾಬ್‌ಗಳಿಗೆ ಇದು ದಿನದ ಕೆಲಸ. ಅದರಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಸಿಗುತ್ತವೆ. ಸಿಸ್ಟ್‌ಗಳ ಹಾಗೆ ಅವೂ ಕ್ಲೋರಿನ್‌ಗೆ ಬೇಗ ಸಾಯುವುದಿಲ್ಲ. 1998ರ ಯುರೋಪಿನ ನಿಯಮದಲ್ಲಿ ಕ್ಲಾಸ್ಟ್ರಿಡಿಯಂ ಸಿಕ್ಕರೆ ಕ್ರಿಪ್ಟೋ ಹುಡುಕಿ ಎಂದೇ ಇತ್ತು. ಲ್ಯಾಬ್ ಆರಿಸುವಾಗ, ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಜಾಲತಾಣದಲ್ಲಿ ಅದರ ಮಾನ್ಯತೆಯ ವ್ಯಾಪ್ತಿ ನೋಡಿ. ಎನ್‌ಎಬಿಎಲ್ ಗುರುತು ಇದ್ದ ಮಾತ್ರಕ್ಕೆ ಎಲ್ಲ ಪರೀಕ್ಷೆಗೂ ಮಾನ್ಯತೆ ಇದೆ ಎಂದಲ್ಲ.

ನಿಯಮ_ಪುಸ್ತಕ
ಇದು ಬೇಕಾದ ಮಾಹಿತಿ. ಆದರೂ ಇದು ಅಡ್ಡದಾರಿ. 10 ಲೀಟರ್ ಟೆಸ್ಟ್ ಬಗ್ಗೆ ನಾನು ಜಲಮಂಡಳಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ. ನದಿ ನೀರಿನ ಲೆಕ್ಕವನ್ನೇ ಕೇಳುತ್ತೇನೆ, ಲ್ಯಾಬ್ ಕೋಟು ಅವರಿಗೂ ಸಮಾಧಾನ ಆಗಲಿ.

ಲ್ಯಾಬ್_ಕೋಟು
ಹಾಕಿ. ಫಿಲ್ಟರ್ ಆದ ಮೇಲಿನ ಕದಡಿನ ಗಂಟೆಗಂಟೆಯ ದಾಖಲೆಯನ್ನೂ ಸೇರಿಸಿ ಕೇಳಿ.

ಸಂಪ್_ಸೆಕ್ರೆಟರಿ
ಮಹಡಿ ಹತ್ತಿದೆವು. ಪಾಪಣ್ಣ ಹೇಳಿದ ತುಂಡು ಪೈಪ್ ಇದೆ, ಹಳೇ ಸಿಂಟೆಕ್ಸ್ ಮುಚ್ಚಳದ ಕೆಳಗೆ. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಇದ್ದಾಗ ಹಾಕಿದ್ದಂತೆ, ಹಿಂದಿನ ಕಮಿಟಿಗೂ ನೆನಪಿಲ್ಲ. ವಾಲ್ವ್ ಮುಚ್ಚಿದೆ, ಆದರೆ ಹಿಡಿ ಸಡಿಲ. ಟಿಡಿಎಸ್ ಬಿ ಬ್ಲಾಕ್‌ನಲ್ಲಿ ಬೆಳಿಗ್ಗೆ ಎ ಬ್ಲಾಕ್‌ಗಿಂತ ಜಾಸ್ತಿ ಬರುತ್ತಿದೆ, ಟ್ಯಾಂಕ್ ತುಂಬಿದ ಮೇಲೆ ಸಮ ಆಗುತ್ತಿದೆ. ಔಟ್‌ಲೆಟ್ ಮುಚ್ಚಿದರೆ ನಲ್ಲಿ ನಿಲ್ಲುತ್ತದೆ, ಕೆಳಗೆ ಲೈನ್ ಕೂಡಿದ ಹಾಗಿಲ್ಲ.

ಬೋರ್‌ವೆಲ್_ಗೌಡ
ನೋಡಿದಿರಾ, ಬೋರ್‌ದು ತಪ್ಪಿಲ್ಲ.

ಮೈಸೂರು_ಡಾಕ್ಟ್ರಮ್ಮ
ಅದರಿಂದಲೇ ಜಿಯಾರ್ಡಿಯಾ ಬಂತು ಎಂದು ಇನ್ನೂ ಹೇಳಲಾಗದು. ಆದರೆ ಅಷ್ಟು ಸಾಬೀತಾಗುವವರೆಗೆ ಕಾಯಬೇಕಿಲ್ಲ. ಬಿ ಬ್ಲಾಕ್‌ನವರು ಹಲ್ಲುಜ್ಜಲೂ ಕುದಿಸಿದ ನೀರೇ ಬಳಸಲಿ. ನೀರು ಕೊತಕೊತ ಕುದಿಯಲು ಶುರುವಾಗಿ ಒಂದು ನಿಮಿಷ ಆದರೆ ಸಾಕು, ಇಪ್ಪತ್ತು ನಿಮಿಷ ಗ್ಯಾಸ್ ಸುಡಬೇಡಿ.

ಪೈಪ್_ಪಾಪಣ್ಣ
ವಾಲ್ವ್ ಬಿಗಿ ಮಾಡಿ ಸುಮ್ಮನಾಗಬೇಡಿ. ಪೈಪನ್ನೇ ಕತ್ತರಿಸಿ, ಎರಡೂ ತುದಿಗೆ ಎಂಡ್ ಕ್ಯಾಪ್ ಹಾಕಿಸಿ. ಆಮೇಲೆ ಟ್ಯಾಂಕ್ ಖಾಲಿ ಮಾಡಿ, ತಳ ಉಜ್ಜಿ ತೊಳೆದು, ಲೈನ್ ಪೂರ್ತಿ ಹರಿಯಬಿಡಿ. ಬ್ಲೀಚಿಂಗ್ ಹಾಕಿ ಬಿಟ್ಟರೆ ಸಾಲದು ಎಂದು ಲ್ಯಾಬ್‌ನವರು ಆಗಲೇ ಹೇಳಿದ್ದಾರೆ.

ಈಜು_ಪ್ರಿಯ
ಕ್ರಿಪ್ಟೋ ಕ್ಲೋರಿನ್‌ನಲ್ಲಿ ಹತ್ತು ದಿನ ಬದುಕುತ್ತದೆ ಎಂದರೆ ನಮ್ಮ ಅಪಾರ್ಟ್‌ಮೆಂಟ್ ಸ್ವಿಮ್ಮಿಂಗ್ ಪೂಲ್ ಕಥೆ ಏನು? ವಾರಾಂತ್ಯಕ್ಕೆ ಡೈಪರ್ ಹಾಕಿದ ಮಕ್ಕಳನ್ನೂ ಇಳಿಸುತ್ತಾರೆ.

ಲ್ಯಾಬ್_ಕೋಟು
ಅದರ ಕಥೆ ಇನ್ನೂ ಕೆಟ್ಟದ್ದು. ಬೇರೆ ಚರ್ಚೆ ಶುರುಮಾಡಿ, ಬರುತ್ತೇನೆ.

ಸಂಪ್_ಸೆಕ್ರೆಟರಿ
ಪ್ಲಂಬರ್ ನಾಳೆ ಬೆಳಿಗ್ಗೆ ಬರುತ್ತಾನೆ. ಕತ್ತರಿಸುವ ಮೊದಲು ಬಿ ಬ್ಲಾಕ್ ಅಡುಗೆಮನೆ ಸ್ಯಾಂಪಲ್ ಕ್ಲಾಸ್ಟ್ರಿಡಿಯಂಗೆ ಕೊಡುತ್ತಿದ್ದೇವೆ, ಕತ್ತರಿಸಿ ತೊಳೆದ ಮೇಲೆ ಇನ್ನೊಂದು. ಎರಡೂ ರಿಪೋರ್ಟ್ ಇಲ್ಲೇ ಹಾಕುತ್ತೇನೆ. ಖರ್ಚು ಮೇಂಟೆನೆನ್ಸ್‌ನಿಂದಲೋ ಬಿ ಬ್ಲಾಕ್‌ನವರಿಂದಲೋ ಎಂದು ಗ್ರೂಪ್‌ನಲ್ಲಿ ಹೊಸ ಜಗಳ ಶುರುವಾಗಿದೆ, ಅದಕ್ಕೆ ಯಾರ ಹತ್ತಿರವಾದರೂ ಬೈಲಾ ಗೊತ್ತಿದ್ದರೆ ಹೇಳಿ.